ಜಾಝ್ ಬಳಗದ ಮುಂದಾಳು ಹಿಂದೆ ಸರಿಯುತ್ತಿದ್ದಾರೆ: ಹೊಣೆಯನ್ನು ಯಾರಿಗೆ, ಹೇಗೆ ಒಪ್ಪಿಸಬೇಕು?

ಪ್ರಶ್ನೆ: ಹಿಂದಿನ ಸಾಲಿನ ಕೇಳುಗ

ಎಲ್ಲರಿಗೂ ನಮಸ್ಕಾರ. ನಾನು ಯಾವ ವಾದ್ಯವನ್ನೂ ನುಡಿಸುವವನಲ್ಲ. ಒಂದು ಸಣ್ಣ ಜಾಝ್ ಬಳಗದಲ್ಲಿ ಬಾಗಿಲ ಬಳಿ ಕುಳಿತು ಪ್ರವೇಶಧನ ಪಡೆಯುವುದು, ಕುರ್ಚಿ ಹಾಕಿಸುವುದು, ಮುಂದಿನ ಕಾರ್ಯಕ್ರಮದ ಸುದ್ದಿಯನ್ನು ಕೇಳುಗರಿಗೆ ತಲುಪಿಸುವುದು, ಹೊರಗಿನಿಂದ ಬರುವ ವಾದಕರನ್ನು ಕರೆತಂದು ಮತ್ತೆ ಬಿಟ್ಟುಬರುವುದು, ಇಂಥ ಕೆಲಸಗಳನ್ನು ಬಹಳ ಕಾಲದಿಂದ ಮಾಡಿಕೊಂಡು ಬಂದಿದ್ದೇನೆ. ನಮ್ಮಲ್ಲಿ ವಾರಕ್ಕೊಮ್ಮೆ, ಬಂದ ವಾದಕರೆಲ್ಲ ಸರದಿಯಂತೆ ಸೇರಿ ನುಡಿಸುವ ಜ್ಯಾಮ್ ಸೆಷನ್ ನಡೆಯುತ್ತದೆ; ತಿಂಗಳಿಗೊಮ್ಮೆ ಆಹ್ವಾನಿತ ತಂಡವೊಂದರ ಕಛೇರಿ ಇರುತ್ತದೆ.

ಈ ಬಳಗವನ್ನು ಕಟ್ಟಿದವರು ಒಬ್ಬ ಹಿರಿಯ ಪಿಯಾನೊ ವಾದಕಿ. ಸೆಷನ್‌ಗೆ ಕಾಯಂ ರಿದಂ ಸೆಕ್ಷನ್ (ಪಿಯಾನೊ, ಬೇಸ್, ಡ್ರಮ್ಸ್ ನುಡಿಸಿ ಉಳಿದವರಿಗೆ ಆಧಾರ ಕೊಡುವವರು) ಯಾರೆಂದು ನಿರ್ಧರಿಸುವುದು, ಬಂದವರ ಹೆಸರು ಬರೆದುಕೊಂಡು ಸರದಿಯಂತೆ ವೇದಿಕೆಗೆ ಕರೆಯುವುದು, ಸಭಾಂಗಣದ ಮಾಲೀಕರೊಂದಿಗೆ ಮಾತನಾಡುವುದು, ಪಿಯಾನೊಗೆ ಶ್ರುತಿ ಮಾಡಿಸುವುದು, ಹೊಸಬರಿಗೆ ಪಾಠ ಹೇಳುವುದು, ಎಲ್ಲವನ್ನೂ ಅವರೇ ಮಾಡುತ್ತಿದ್ದರು. ಇನ್ನು ಕೆಲವೇ ತಿಂಗಳಲ್ಲಿ ಈ ಹೊಣೆಯಿಂದ ಹಿಂದೆ ಸರಿಯುವುದಾಗಿ ಈಗ ತಿಳಿಸಿದ್ದಾರೆ. ಅನಾರೋಗ್ಯವೇನೂ ಇಲ್ಲ, ಯಾರ ಮೇಲೂ ಮುನಿಸಿಲ್ಲ. ಬೇರೆಯವರ ಸರದಿ ನೋಡಿಕೊಳ್ಳುವುದರಲ್ಲಿಯೇ ಸಂಜೆಗಳೆಲ್ಲ ಕಳೆದುಹೋಗಿ ತಮ್ಮ ಸಂಗೀತಕ್ಕೆ ಸಮಯ ಉಳಿಯುತ್ತಿಲ್ಲ ಎಂಬುದಷ್ಟೇ ಅವರು ಕೊಡುವ ಕಾರಣ.

ಸುದ್ದಿ ತಿಳಿದ ಕೂಡಲೇ ಬಳಗದಲ್ಲಿ ಮೂರು ಅಭಿಪ್ರಾಯಗಳು ಹುಟ್ಟಿಕೊಂಡಿವೆ. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ನುಡಿಸುವ ಸ್ಯಾಕ್ಸೊಫೋನ್ ವಾದಕರೇ ಮುಂದಾಳತ್ವ ವಹಿಸಬೇಕೆಂದು ಕೆಲವರು ಹೇಳುತ್ತಾರೆ. ಒಬ್ಬರ ಮೇಲೆ ಭಾರ ಹೊರಿಸಿದ್ದರಿಂದಲೇ ಈ ಸ್ಥಿತಿ ಬಂದಿದೆ, ಆದ್ದರಿಂದ ಸಮಿತಿಯೊಂದನ್ನು ರಚಿಸೋಣ ಎನ್ನುವವರು ಕೆಲವರು. ಮೂರನೆಯ ಗುಂಪಿನವರು, ಏನೇ ನಿರ್ಧರಿಸಿದರೂ ಅದನ್ನು ವಾದಕರೇ ನಿರ್ಧರಿಸಬೇಕು, ನನ್ನಂಥ ಬಾಗಿಲು ಕಾಯುವವರಿಗೆ ಇದರಲ್ಲಿ ಮಾತಿಲ್ಲ ಎನ್ನುತ್ತಾರೆ. ಈ ಮೂರನೆಯ ಮಾತಿನಿಂದ ನನಗೆ ಸ್ವಲ್ಪ ಬೇಸರವಾಗಿದೆ ಎಂಬುದನ್ನು ಮರೆಮಾಚುವುದಿಲ್ಲ. ಆದರೂ ಅದರಲ್ಲಿ ನ್ಯಾಯವಿದೆಯೇ ಎಂದು ತಿಳಿದುಕೊಳ್ಳುವ ಇಚ್ಛೆಯಿಂದಲೇ ಇಲ್ಲಿ ಬರೆಯುತ್ತಿದ್ದೇನೆ.

ಇಂಥ ಬಳಗಗಳನ್ನು ನಡೆಸಿದವರು, ನಡೆಸುವುದನ್ನು ಹತ್ತಿರದಿಂದ ಕಂಡವರು ದಯವಿಟ್ಟು ತಿಳಿಸಿ. ಜಾಝ್ ಬಳಗದ ಮುಂದಾಳು ನಿಜವಾಗಿ ಮಾಡುವ ಕೆಲಸ ಯಾವುದು? ಅದನ್ನು ಹಂಚಿಕೊಳ್ಳಲು ಸಾಧ್ಯವೇ? ನುಡಿಸದವರ ಸ್ಥಾನ ಎಲ್ಲಿಯವರೆಗೆ?

ಉತ್ತರ: ಬ್ರಷ್ ಮತ್ತು ಸಿಂಬಲ್

ಕೇಳುಗರೇ, ನಾನು ಡ್ರಮ್ಸ್ ನುಡಿಸುವವನು. ಅದರಿಂದಾಗಿ ಹಲವು ಸೆಷನ್‌ಗಳಲ್ಲಿ ಮೊದಲಿನಿಂದ ಕೊನೆಯವರೆಗೆ ವೇದಿಕೆಯ ಮೇಲೆಯೇ ಕುಳಿತು ಮುಂದಾಳುಗಳನ್ನು ಹಿಂದಿನಿಂದ ನೋಡಿದ್ದೇನೆ. ನಿಮ್ಮ ಮೊದಲ ಪ್ರಶ್ನೆಯನ್ನಷ್ಟೇ ವಿಸ್ತಾರವಾಗಿ ಎತ್ತಿಕೊಳ್ಳುತ್ತೇನೆ, ಏಕೆಂದರೆ ಮುಂದಾಳಿನ ಕೆಲಸ ಯಾವುದೆಂದು ಸ್ಪಷ್ಟವಾದರೆ ಅತ್ಯುತ್ತಮ ವಾದಕರಿಗೇ ಅದು ಸಲ್ಲಬೇಕೆಂಬ ವಾದ ತಾನಾಗಿಯೇ ಸಡಿಲವಾಗುತ್ತದೆ.

ಸೆಷನ್ ನಡೆಸುವವರು ಒಂದು ಸಂಜೆಯಲ್ಲಿ ಮಾಡುವುದನ್ನು ಗಮನಿಸಿ. ಮೊದಲು ಕಾಯಂ ತಂಡದೊಂದಿಗೆ ಒಂದಷ್ಟು ಹೊತ್ತು ತಾವೇ ನುಡಿಸಿ ಆ ಸಂಜೆಯ ಮಟ್ಟವನ್ನೂ ಧ್ವನಿಯ ಪ್ರಮಾಣವನ್ನೂ ಗೊತ್ತುಮಾಡುತ್ತಾರೆ. ಆ ಹೊತ್ತಿನಲ್ಲಿಯೇ ಯಾರು ಬಂದಿದ್ದಾರೆ, ಯಾರ ಕೈಯಲ್ಲಿ ಯಾವ ವಾದ್ಯವಿದೆ, ಯಾರು ಹೆದರಿ ಗೋಡೆಗೆ ಒರಗಿ ನಿಂತಿದ್ದಾರೆ ಎಂಬುದನ್ನೆಲ್ಲ ಕಣ್ಣಂಚಿನಲ್ಲೇ ನೋಡಿಕೊಂಡಿರುತ್ತಾರೆ. ಅನಂತರ ಪಟ್ಟಿ ಹಿಡಿದು ಕರೆಯಲಾರಂಭಿಸಿದಾಗ, ಒಂದೇ ಕೃತಿಗೆ ನಾಲ್ವರು ಸ್ಯಾಕ್ಸೊಫೋನ್ ವಾದಕರು ಸೇರಿಕೊಂಡು ಒಬ್ಬೊಬ್ಬರೂ ಎಂಟೆಂಟು ಕೋರಸ್ (ಹಾಡಿನ ಪೂರ್ತಿ ಸುತ್ತು) ನುಡಿಸಿ, ಅದೊಂದೇ ಅರ್ಧ ಗಂಟೆ ನುಂಗದಂತೆ ನೋಡಿಕೊಳ್ಳಬೇಕು. ಹೊಸಬನೊಬ್ಬ ಬಂದರೆ ಅವನಿಗೆ ಹನ್ನೆರಡು ತಾಳದ ಆವರ್ತಗಳ, ಅಂದರೆ ಬಾರ್‌ಗಳ ಬ್ಲೂಸ್ ಸಾಕೇ, ಮೂವತ್ತೆರಡು ಬಾರ್‌ಗಳ ಹಾಡನ್ನು ಅವನು ದಾರಿ ತಪ್ಪದೆ ಮುಗಿಸಬಲ್ಲನೇ ಎಂಬುದನ್ನು ಎರಡು ಮಾತಿನಲ್ಲಿ ಅಳೆಯಬೇಕು. ಗಾಯಕಿ ಬಂದರೆ ಅವರ ಕಂಠಕ್ಕೆ ಹೊಂದುವ ಕೀ (ಶ್ರುತಿ) ಯಾವುದೆಂದು ಕೇಳಿ ರಿದಂ ಸೆಕ್ಷನ್‌ಗೆ ಮೊದಲೇ ತಿಳಿಸಬೇಕು. ಲಯ ಎಣಿಸಿ ಆರಂಭಿಸುವಾಗ ಉತ್ಸಾಹದಲ್ಲಿ ವೇಗ ಹೆಚ್ಚಿಸಿಬಿಟ್ಟರೆ ಆ ಹುಡುಗ ಎರಡನೇ ಕೋರಸ್‌ನಲ್ಲೇ ಮುಗ್ಗರಿಸುತ್ತಾನೆ, ಮುಂದಿನ ವಾರ ಬರುವುದೇ ಇಲ್ಲ.

ಇದರಲ್ಲಿ ಸ್ವಂತ ವಾದನದ ಕೌಶಲ ಬೇಕಾಗುವುದು ಸ್ವಲ್ಪ ಭಾಗಕ್ಕೆ ಮಾತ್ರ. ಉಳಿದದ್ದೆಲ್ಲ ಕಿವಿ, ನೆನಪು, ತಾಳ್ಮೆ, ಜೊತೆಗೆ "ಇವತ್ತಿಗೆ ಸಾಕು, ಇನ್ನೊಬ್ಬರಿಗೆ ಜಾಗ ಬಿಡಿ" ಎಂದು ನೋವಾಗದಂತೆ ಹೇಳುವ ದಿಟ್ಟತನ.

ಇತಿಹಾಸವೂ ಇದನ್ನೇ ತೋರಿಸುತ್ತದೆ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1938ರಲ್ಲಿ ಆರಂಭವಾದ ಕ್ಲಬ್ ಮಿಂಟನ್ಸ್ ಪ್ಲೇಹೌಸ್‌ನ ಹೆಸರು ಕೇಳಿದ ಕೂಡಲೇ ನಮಗೆ ನೆನಪಾಗುವವರು ಥೆಲೋನಿಯಸ್ ಮಾಂಕ್, ಡಿಝಿ ಗಿಲೆಸ್ಪಿ, ಚಾರ್ಲಿ ಪಾರ್ಕರ್ ಅವರಂಥ ಹೆಸರಾಂತ ಜಾಝ್ ವಾದಕರು. ಆದರೆ ಅವರಿಗೆ ಅಲ್ಲಿ ನೆಲೆ ಸಿಕ್ಕಿದ್ದು ಇಬ್ಬರಿಂದ. ಸ್ಥಾಪಕ ಹೆನ್ರಿ ಮಿಂಟನ್ ಸ್ವತಃ ಸ್ಯಾಕ್ಸೊಫೋನ್ ವಾದಕರಾಗಿದ್ದು, ನ್ಯೂಯಾರ್ಕಿನ ಸಂಗೀತಗಾರರ ಸಂಘಕ್ಕೆ ಮೊದಲ ಕಪ್ಪು ಪ್ರತಿನಿಧಿಯಾಗಿದ್ದವರು. ಸಂಬಳವಿಲ್ಲದೆ ಜ್ಯಾಮ್ ಮಾಡುವ ಸದಸ್ಯರಿಗೆ ಸಂಘ ದಂಡ ಹಾಕುತ್ತಿದ್ದ ಕಾಲದಲ್ಲಿ ವಾದಕರು ಅಲ್ಲಿ ನಿರ್ಭಯವಾಗಿ ನುಡಿಸಲು ಆ ನಂಟು ನೆರವಾಯಿತು. ಇನ್ನೊಬ್ಬರು 1940ರಲ್ಲಿ ವ್ಯವಸ್ಥಾಪಕರಾಗಿ ಬಂದ ಟೆಡ್ಡಿ ಹಿಲ್. ಅವರೂ ಬ್ಯಾಂಡ್ ನಡೆಸಿದ್ದವರೇ. ಡ್ರಮ್ಸ್ ನುಡಿಸುವ ಹೊಸ ರೀತಿ ಹಿಡಿಸದೆ ತಮ್ಮ ಬ್ಯಾಂಡಿನಿಂದ ಕೈಬಿಟ್ಟಿದ್ದ ಕೆನ್ನಿ ಕ್ಲಾರ್ಕ್ ಅವರನ್ನೇ ಕರೆದು ಮಿಂಟನ್ಸ್‌ನ ಕಾಯಂ ತಂಡವನ್ನು ಅವರ ಕೈಗೆ ಒಪ್ಪಿಸಿದರು. ತನಗೆ ಹಿಡಿಸದ ಸಂಗೀತಕ್ಕೂ ಜಾಗ ಮಾಡಿಕೊಡುವ ಈ ಗುಣವೇ ಮುಂದಾಳಿನಲ್ಲಿ ನಾನು ಮೊದಲು ಹುಡುಕುವ ಗುಣ. ಡ್ರಮ್ಸ್‌ನವನಾದ್ದರಿಂದ ಈ ಪ್ರಸಂಗದ ಮೇಲೆ ನನಗೆ ವಿಶೇಷ ಪ್ರೀತಿ ಎಂಬುದನ್ನೂ ಸೇರಿಸಿಕೊಳ್ಳಿ.

ಸಮಿತಿಯ ವಿಚಾರದಲ್ಲಿ ನನಗೆ ಅನುಮಾನವಿದೆ. ಸಭಾಂಗಣದ ಬಾಡಿಗೆಯನ್ನು ಸಮಿತಿ ನೋಡಿಕೊಳ್ಳಲಿ. ವೇದಿಕೆಯ ಮೇಲೆ ಮುಂದಿನ ಹಾಡು ಯಾವುದೆಂಬುದನ್ನು ಐವರು ಚರ್ಚಿಸಿ ನಿರ್ಧರಿಸಲಾಗದು. ಒಂದು ಸಂಜೆಗೆ ಒಬ್ಬರೇ ಮುಂದಾಳು ಇರಬೇಕು, ಆ ಸಂಜೆ ಅವರು ಹೇಳಿದ್ದೇ ಅಂತಿಮವಾಗಬೇಕು. ವಾರ ವಾರಕ್ಕೆ ಆ ವ್ಯಕ್ತಿ ಬದಲಾಗಬಹುದೇ ಎಂದರೆ, ಬದಲಾಗಬಹುದು, ಆದರೆ ಇಬ್ಬರು ಮೂವರ ನಡುವೆ ಮಾತ್ರ. ಅದಕ್ಕಿಂತ ಹೆಚ್ಚಾದರೆ ಬರುವವರಿಗೆ ಈ ಜಾಗದ ರೀತಿ ಏನೆಂಬುದೇ ತಿಳಿಯುವುದಿಲ್ಲ.

ಉತ್ತರ: ಖಜಾಂಚಿ

ಬ್ರಷ್ ಅವರು ವೇದಿಕೆಯ ಬಗ್ಗೆ ಬರೆದುದೆಲ್ಲ ಸರಿ. ಆದರೆ ಬಳಗಗಳು ಮುಚ್ಚಿಹೋಗುವುದು ಸಾಮಾನ್ಯವಾಗಿ ವೇದಿಕೆಯ ಮೇಲಿನ ಕಾರಣಗಳಿಂದಲ್ಲ. ಬಾಡಿಗೆ, ಬೀಗದ ಕೈ, ಬಾಕಿ ಲೆಕ್ಕ, ಒಬ್ಬರಿಗಷ್ಟೇ ಗೊತ್ತಿರುವ ದೂರವಾಣಿ ಸಂಖ್ಯೆ, ಇಂಥವುಗಳಿಂದ. ನಾನು ಒಂದು ಸಂಗೀತ ಬಳಗದ ಹಣಕಾಸು ನೋಡಿಕೊಂಡವಳು. ವಾದ್ಯ ಕಲಿತಿದ್ದು ಶಾಲೆಯಲ್ಲಿ ಮಾತ್ರ, ಅದನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹಾಗಾಗಿ ಕೇಳುಗರ ಮೂರನೆಯ ಪ್ರಶ್ನೆ ನನ್ನದೂ ಹೌದು.

ಜಾಝ್‌ನ ಮಟ್ಟಿಗೆ ನುಡಿಸದವರಿಗೆ ಮಾತಿಲ್ಲ ಎನ್ನುವವರು ಆ ಸಂಗೀತದ ಇತಿಹಾಸವನ್ನು ಧ್ವನಿಮುದ್ರಿಕೆಗಳಲ್ಲಿ ಮಾತ್ರ ಓದಿದವರು. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ಜಾಝ್ ಕ್ಲಬ್ 1935ರಿಂದ ಒಂದೇ ನೆಲಮಾಳಿಗೆಯಲ್ಲಿದೆ. ಅದನ್ನು ನಡೆಸಿದ ಮ್ಯಾಕ್ಸ್ ಗಾರ್ಡನ್ ವಾದಕರಲ್ಲ. 1989ರಲ್ಲಿ ಅವರು ತೀರಿಕೊಂಡಾಗ ಪತ್ನಿ ಲೊರೇನ್ ಗಾರ್ಡನ್ ಒಂದು ರಾತ್ರಿ ಮಾತ್ರ ಬಾಗಿಲು ಮುಚ್ಚಿ ಮರುದಿನವೇ ತೆರೆದರು, 2018ರಲ್ಲಿ ತಾವು ನಿಧನರಾಗುವವರೆಗೂ ನಡೆಸಿದರು. ಅವರೂ ವಾದಕರಲ್ಲ. ಅಮೆರಿಕದ ಕಲೆಗಳ ರಾಷ್ಟ್ರೀಯ ದತ್ತಿ ಸಂಸ್ಥೆಯು ಜಾಝ್ ಮಾಸ್ಟರ್ ಗೌರವವನ್ನು ವಾದಕರಿಗೆ ಕೊಡುವಂತೆಯೇ ಜಾಝ್‌ಗಾಗಿ ದುಡಿದವರಿಗೂ ಕೊಡುತ್ತದೆ. 2013ರಲ್ಲಿ ಅದು ಲೊರೇನ್ ಅವರಿಗೆ ಸಂದಿತು.

ಇನ್ನೊಂದು ಉದಾಹರಣೆ ನನಗೆ ಇದಕ್ಕಿಂತ ಹತ್ತಿರದ್ದು, ಏಕೆಂದರೆ ಅದು ಕಾಗದಪತ್ರಗಳ ಕಥೆ. ಆಗಿನ ನ್ಯೂಯಾರ್ಕಿನಲ್ಲಿ ಮದ್ಯ ಮಾರುವ ಕ್ಲಬ್ಬುಗಳಲ್ಲಿ ನುಡಿಸಲು ಕ್ಯಾಬರೆ ಕಾರ್ಡ್ ಎಂಬ ಪರವಾನಗಿ ಬೇಕಿತ್ತು. 1951ರಲ್ಲಿ ಥೆಲೋನಿಯಸ್ ಮಾಂಕ್ ಅದನ್ನು ಕಳೆದುಕೊಂಡು ವರ್ಷಗಟ್ಟಲೆ ತಮ್ಮ ಊರಿನ ಕ್ಲಬ್ಬುಗಳಲ್ಲೇ ನುಡಿಸಲಾಗದೆ ಉಳಿದರು. 1957ರಲ್ಲಿ ಕಾರ್ಡ್ ಮರಳಿ ಸಿಕ್ಕಿತು, ಆ ಬೇಸಿಗೆಯಲ್ಲೇ ಫೈವ್ ಸ್ಪಾಟ್ ಕ್ಲಬ್ಬಿನಲ್ಲಿ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರೊಂದಿಗಿನ ಪ್ರಸಿದ್ಧ ಕಛೇರಿಗಳ ಸರಣಿ ಆರಂಭವಾಯಿತು. ಆ ಕಾರ್ಡ್‌ಗಾಗಿ ಓಡಾಡಿದವರಲ್ಲಿ ಒಬ್ಬರು ಶಾಲಾ ಶಿಕ್ಷಕರಾಗಿದ್ದ ಮಾಂಕ್ ಅವರ ಮ್ಯಾನೇಜರ್ ಹ್ಯಾರಿ ಕೊಲಂಬಿ, ಇನ್ನೊಬ್ಬರು ಅವರನ್ನು ಕೊನೆಯವರೆಗೂ ನೋಡಿಕೊಂಡ ಪ್ಯಾನೊನಿಕಾ ಡಿ ಕೊನಿಗ್ಸ್‌ವಾರ್ಟರ್. ಇಬ್ಬರೂ ವೇದಿಕೆ ಹತ್ತಿದವರಲ್ಲ.

ಸಮಿತಿಯ ಬಗ್ಗೆ ಬ್ರಷ್ ಅವರ ಅನುಮಾನವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಷಿಕಾಗೊದಲ್ಲಿ 1965ರಲ್ಲಿ ಮುಹಾಲ್ ರಿಚರ್ಡ್ ಏಬ್ರಮ್ಸ್, ಜೋಡಿ ಕ್ರಿಶ್ಚಿಯನ್, ಸ್ಟೀವ್ ಮೆಕಾಲ್, ಫಿಲ್ ಕೊಹ್ರನ್ ಸೇರಿ ಸ್ಥಾಪಿಸಿದ ಎಎಸಿಎಂ ಎಂಬ ಸಂಗೀತಗಾರರ ಸಂಘವನ್ನು ನೋಡಿ. ಏಬ್ರಮ್ಸ್ ಅವರಂಥ ಪ್ರಭಾವಿ ವ್ಯಕ್ತಿ ಮುಂದಿದ್ದರೂ ಸಂಘದವರು ಮೊದಲ ದಿನಗಳಿಂದಲೇ ನಿಯಮಾವಳಿ ಬರೆದರು, ಪದಾಧಿಕಾರಿಗಳನ್ನು ಆರಿಸಿದರು, ಸದಸ್ಯರಿಂದ ಚಂದಾ ಪಡೆದರು, ಲಾಭರಹಿತ ಸಂಸ್ಥೆಯಾಗಿ ನೋಂದಾಯಿಸಿಕೊಂಡರು. ಸಂಗೀತ ಎಷ್ಟೇ ಸ್ವಚ್ಛಂದವಾಗಿದ್ದರೂ ಸಂಸ್ಥೆಯ ಕಾಗದಪತ್ರ ಅಚ್ಚುಕಟ್ಟಾಗಿತ್ತು. 1970ರ ದಶಕದಲ್ಲಿ ಏಬ್ರಮ್ಸ್ ಸೇರಿದಂತೆ ಅನೇಕರು ನ್ಯೂಯಾರ್ಕಿಗೆ ಹೋದ ಮೇಲೂ ಷಿಕಾಗೊದಲ್ಲಿ ಸಂಘ ನಿಂತುಹೋಗಲಿಲ್ಲ.

ಆದ್ದರಿಂದ ನಿಮ್ಮ ಬಳಗಕ್ಕೆ ನನ್ನ ಸಲಹೆ ಹೀಗಿದೆ. ಹಿರಿಯ ವಾದಕಿ ಇನ್ನೂ ಇರುವಾಗಲೇ ಅವರ ಎದುರು ಕುಳಿತು, ಅವರು ಮಾಡುವ ಪ್ರತಿಯೊಂದು ಕೆಲಸವನ್ನೂ ಬರೆದುಕೊಳ್ಳಿ. ಶ್ರುತಿ ಮಾಡುವವರು ಯಾರು, ಎಷ್ಟು ತಿಂಗಳಿಗೊಮ್ಮೆ ಕರೆಯಬೇಕು, ಸಭಾಂಗಣದವರೊಂದಿಗೆ ಮಾತಾಗಿರುವುದು ಬರಹದಲ್ಲಿದೆಯೇ ಅಥವಾ ಬಾಯಿಮಾತೇ, ಆಂಪ್ಲಿಫೈಯರ್ ಯಾರ ಸ್ವತ್ತು, ಕೇಳುಗರ ವಿಳಾಸಪಟ್ಟಿ ಯಾರ ಖಾತೆಯಲ್ಲಿದೆ, ಅದರ ಪಾಸ್‌ವರ್ಡ್ ಇನ್ನಾರಿಗೆ ಗೊತ್ತು, ಇದೆಲ್ಲ ಒಂದೇ ಕಡೆ ಇರಬೇಕು. ಆಂಪ್ಲಿಫೈಯರ್ ಮಾತನ್ನು ತಮಾಷೆಗೆ ಹೇಳುತ್ತಿಲ್ಲ. ಬಳಗದ್ದೆಂದು ಎಲ್ಲರೂ ತಿಳಿದಿದ್ದ ಬೇಸ್ ಆಂಪ್ಲಿಫೈಯರ್ ಒಬ್ಬ ಸದಸ್ಯರ ಸ್ವಂತದ್ದೆಂದು ಅವರು ಬಿಟ್ಟುಹೋದ ದಿನ ತಿಳಿಯುವುದುಂಟು.

ಹಣದ ವಿಷಯದಲ್ಲಿ ಎರಡೇ ಮಾತು. ಸೆಷನ್ ಪೂರ್ತಿ ಕುಳಿತು ನುಡಿಸುವ ಕಾಯಂ ರಿದಂ ಸೆಕ್ಷನ್‌ಗೆ ಎಷ್ಟೇ ಕಡಿಮೆಯಾಗಲಿ ನಿಶ್ಚಿತ ಸಂಭಾವನೆ ಮೊದಲು ಸಲ್ಲಲಿ, ಉಳಿದದ್ದರಿಂದ ಮಿಕ್ಕ ಖರ್ಚು ನಡೆಯಲಿ. ಮುಂದಾಳು ಮತ್ತು ಖಜಾಂಚಿ ಒಬ್ಬರೇ ಆಗದಿರಲಿ, ಲೆಕ್ಕವನ್ನು ಪ್ರತಿ ತಿಂಗಳು ಎಲ್ಲರೂ ನೋಡುವಂತೆ ಇಡಿ. ವೇದಿಕೆಯ ವಿಚಾರದಲ್ಲಿ ನುಡಿಸದವರಿಗೆ ಮತವಿಲ್ಲ. ಜಾಗ, ದಿನ, ಹಣ, ಆಹ್ವಾನಿತ ತಂಡಗಳ ಸಂಖ್ಯೆ, ಪ್ರವೇಶಧನ, ಇವುಗಳಲ್ಲಿ ವಾದಕರಷ್ಟೇ ಮತವಿದೆ ಎಂದು ಬರೆದುಬಿಡಿ. ಬಾಗಿಲಲ್ಲಿ ಕುಳಿತವರಿಗಷ್ಟೇ ಗೊತ್ತಿರುವ ಸಂಗತಿಗಳೂ ಇರುತ್ತವೆ. ಮೊದಲ ಸಲ ಬಂದವರಲ್ಲಿ ಎಷ್ಟು ಮಂದಿ ಮತ್ತೆ ಬಂದರು, ಯಾವ ಹೊತ್ತಿಗೆ ಜನ ಎದ್ದುಹೋಗುತ್ತಾರೆ ಎಂಬುದು ವೇದಿಕೆಯ ದೀಪದ ಕೆಳಗೆ ನಿಂತವರಿಗೆ ಕಾಣುವುದಿಲ್ಲ.

ಉತ್ತರ: ಹಳೆಯ ಟ್ರಂಪೆಟ್

ಇಬ್ಬರ ಬರಹವನ್ನೂ ಓದಿದೆ. ಇಬ್ಬರೂ ಈಗಿರುವವರ ನಡುವೆ ಹೊಣೆಯನ್ನು ಹೇಗೆ ಹಂಚುವುದೆಂದು ಹೇಳಿದ್ದಾರೆ; ಮುಂದೆ ಬರಬೇಕಾದವರ ಮಾತು ಬಂದಿಲ್ಲ. ಕೇಳುಗರೇ, ನಿಮ್ಮ ಹಿರಿಯ ವಾದಕಿ ಹೊಸಬರಿಗೆ ಪಾಠ ಹೇಳುತ್ತಿದ್ದರು ಎಂದು ಒಂದೇ ಪದಪುಂಜದಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನ್ನ ಪ್ರಕಾರ ತುಂಬಲು ಅತಿ ಕಷ್ಟವಾದ ಸ್ಥಾನ ಅದೇ.

ಷಿಕಾಗೊದ ಡುಸಾಬಲ್ ಪ್ರೌಢಶಾಲೆಯಲ್ಲಿ 1935ರಿಂದ ಬ್ಯಾಂಡ್ ಕಲಿಸಿದ ವಾಲ್ಟರ್ ಡಯಟ್ ಅವರ ಹೆಸರು ಧ್ವನಿಮುದ್ರಿಕೆಗಳ ಮೇಲೆ ಸಿಗುವುದಿಲ್ಲ. ಆದರೆ ಜೀನ್ ಆಮನ್ಸ್, ಜಾನಿ ಗ್ರಿಫಿನ್, ಡೈನಾ ವಾಷಿಂಗ್ಟನ್, ವಾನ್ ಫ್ರೀಮನ್ ಎಲ್ಲರೂ ಅವರ ಶಿಷ್ಯರು. ಬಹಳ ಕಟ್ಟುನಿಟ್ಟಿನ ಮೇಷ್ಟ್ರು. ಬ್ಯಾಂಡಿನ ಖರ್ಚಿಗಾಗಿ ವಿದ್ಯಾರ್ಥಿಗಳಿಂದಲೇ ವರ್ಷಕ್ಕೊಂದು ರಂಗಪ್ರದರ್ಶನ ಮಾಡಿಸಿ ಹಣ ಸೇರಿಸುತ್ತಿದ್ದರು. ಆ ಶಿಷ್ಯರಲ್ಲಿ ಸ್ಯಾಕ್ಸೊಫೋನ್ ವಾದಕ ವಾನ್ ಫ್ರೀಮನ್ ಹೆಸರು ಮಾಡಲು ಬೇರೆ ಊರಿಗೆ ಹೋಗಲಿಲ್ಲ. ಷಿಕಾಗೊದ ದಕ್ಷಿಣ ಭಾಗದ ನ್ಯೂ ಅಪಾರ್ಟ್‌ಮೆಂಟ್ ಲೌಂಜ್ ಎಂಬ ಸಾಧಾರಣ ಜಾಗದಲ್ಲಿ ಮಂಗಳವಾರದ ರಾತ್ರಿಗಳಲ್ಲಿ ದಶಕಗಳ ಕಾಲ ಸೆಷನ್ ನಡೆಸಿದರು. ಮೊದಲು ತಮ್ಮ ತಂಡದೊಂದಿಗೆ ನುಡಿಸಿ, ಅನಂತರ ಕಿರಿಯರಿಗೆ ವೇದಿಕೆ ಬಿಟ್ಟುಕೊಡುತ್ತಿದ್ದರು. ಸ್ಟೀವ್ ಕೋಲ್ಮನ್ ಅಂಥವರು ತಮ್ಮ ಬೆಳವಣಿಗೆಗೆ ಅವರನ್ನು ನೆನೆಯುತ್ತಾರೆ. ಫ್ರೀಮನ್ ಅವರಿಗೆ ಜಾಝ್ ಮಾಸ್ಟರ್ ಗೌರವ ಬಂದದ್ದು 2012ರಲ್ಲಿ, ಅವರು ತೀರಿಕೊಂಡ ವರ್ಷ. ಶಾಲೆಯ ಮೇಷ್ಟ್ರೊಬ್ಬರು ಕೊಟ್ಟ ಶಿಸ್ತು ಹೀಗೆ ಒಂದು ವಾರದ ಸೆಷನ್ ಮೂಲಕ ಮೂರನೆಯ ತಲೆಮಾರಿಗೆ ತಲುಪಿತು.

ಹೊಸಬರ ವಿಚಾರಕ್ಕೆ ಬಂದಾಗ ವಾದಕರಲ್ಲಿ ಕೆಲವರು ಚಾರ್ಲಿ ಪಾರ್ಕರ್ ಕಥೆಯನ್ನು ಎತ್ತುತ್ತಾರೆ. ನಿಮ್ಮ ಸಭೆಯಲ್ಲೂ ಯಾರಾದರೂ ಎತ್ತಿಯೇ ಎತ್ತುತ್ತಾರೆ. ಹದಿಹರೆಯದ ಪಾರ್ಕರ್ ಕನ್ಸಾಸ್ ಸಿಟಿಯ ಸೆಷನ್ ಒಂದರಲ್ಲಿ ದಾರಿ ತಪ್ಪಿದಾಗ ಡ್ರಮ್ಸ್ ನುಡಿಸುತ್ತಿದ್ದ ಜೋ ಜೋನ್ಸ್ ಸಿಂಬಲ್ ಬಿಚ್ಚಿ ಅವನ ಕಾಲ ಬಳಿ ಎಸೆದರಂತೆ, ಆ ಅವಮಾನದಿಂದಲೇ ಅವನು ಮಹಾವಾದಕನಾದನಂತೆ. ಬ್ರಷ್ ಅವರು ಕ್ಷಮಿಸಬೇಕು, ಈ ಕಥೆಯಲ್ಲಿ ಡ್ರಮ್ಸ್‌ನವರ ಪಾತ್ರ ಅಷ್ಟು ಚೆನ್ನಾಗಿಲ್ಲ. ಕಥೆ ಹೇಳುವವರು ಅದರ ಉತ್ತರಾರ್ಧವನ್ನು ಬಿಟ್ಟುಬಿಡುತ್ತಾರೆ. 1937ರ ಬೇಸಿಗೆಯಲ್ಲಿ ಪಾರ್ಕರ್ ಓಝಾರ್ಕ್ ಬೆಟ್ಟಗಳ ವಿಹಾರತಾಣವೊಂದಕ್ಕೆ ಜಾರ್ಜ್ ಲೀ ಅವರ ಬ್ಯಾಂಡಿನೊಂದಿಗೆ ಹೋದನು. ಅಲ್ಲಿ ಬಿಡುವಿದ್ದಾಗಲೆಲ್ಲ ಕೌಂಟ್ ಬೇಸಿ ತಂಡದ ಧ್ವನಿಮುದ್ರಿಕೆಗಳಲ್ಲಿದ್ದ ಲೆಸ್ಟರ್ ಯಂಗ್ ಅವರ ಸೋಲೋಗಳನ್ನು ಕೇಳಿ ಕೇಳಿ ಕಲಿತನು, ಹಿರಿಯ ಸಹವಾದಕರಿಂದ ಹಾರ್ಮೊನಿಯ ಪಾಠ ಹೇಳಿಸಿಕೊಂಡನು. ಅವನನ್ನು ವಾದಕನನ್ನಾಗಿ ಮಾಡಿದ್ದು ಆ ಬೇಸಿಗೆ. ಸಿಂಬಲ್ ಎಸೆಯುವವರು ಎಲ್ಲ ಬಳಗಗಳಲ್ಲೂ ಸಿಗುತ್ತಾರೆ, ಪಕ್ಕದಲ್ಲಿ ಕೂರಿಸಿಕೊಂಡು ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳನ್ನು) ಬಿಡಿಸಿ ಹೇಳುವವರು ಅಪರೂಪ. ಅವಮಾನವಾದ ಮೇಲೆ ಮರಳಿ ಬಾರದವರ ಕಥೆಯನ್ನು ಯಾರೂ ಹೇಳುವುದಿಲ್ಲ. ಅವರಲ್ಲಿ ಹುಡುಗಿಯರೇ ಹೆಚ್ಚೆಂಬುದು ನಾನು ಪಾಠ ಹೇಳಿದ ವರ್ಷಗಳಲ್ಲಿ ಕಂಡ ಮಾತು.

ಒಂದು ಬಳಗವನ್ನು ಇಬ್ಬರು ಹೇಗೆ ನಡೆಸಬಹುದೆಂಬುದಕ್ಕೆ ಲಂಡನ್ನಿನ ಎರಡು ಉದಾಹರಣೆಗಳನ್ನು ಕೊಡುತ್ತೇನೆ. ರಾನಿ ಸ್ಕಾಟ್ ಮತ್ತು ಪೀಟ್ ಕಿಂಗ್ ಇಬ್ಬರೂ ಟೆನರ್ ಸ್ಯಾಕ್ಸೊಫೋನ್ ವಾದಕರು. 1959ರಲ್ಲಿ ಅವರು ಕ್ಲಬ್ ತೆರೆದ ಮೇಲೆ ಕಿಂಗ್ ನುಡಿಸುವುದನ್ನು ಬಿಟ್ಟು ವ್ಯವಸ್ಥೆಯನ್ನು ಪೂರ್ತಿಯಾಗಿ ಕೈಗೆತ್ತಿಕೊಂಡರು. ಸ್ಕಾಟ್ ನುಡಿಸುತ್ತಲೇ ಉಳಿದರು. 1965ರಲ್ಲಿ ಕ್ಲಬ್ ದೊಡ್ಡ ಜಾಗಕ್ಕೆ ಹೋದಾಗ ಹಳೆಯ ಜಾಗವನ್ನು ಕೂಡಲೇ ಬಿಟ್ಟುಕೊಡದೆ ಕೆಲ ಕಾಲ ಯುವ ವಾದಕರಿಗೆ ಒಪ್ಪಿಸಿದ್ದು ಬಹಳ ಜನಕ್ಕೆ ಗೊತ್ತಿಲ್ಲ. ಎರಡನೆಯದು ಟುಮಾರೋಸ್ ವಾರಿಯರ್ಸ್. ಬೇಸ್ ವಾದಕ ಗ್ಯಾರಿ ಕ್ರಾಸ್ಬಿ ಮತ್ತು ಜನೀನ್ ಐರನ್ಸ್ 1991ರಲ್ಲಿ ಇದನ್ನು ಆರಂಭಿಸಿದರು. ಮೂಲ ಒಂದು ಜ್ಯಾಮ್ ಸೆಷನ್. ಹಣ ಕೊಟ್ಟು ಕಲಿಯಲಾಗದ ಮಕ್ಕಳಿಗೆ, ಕಪ್ಪು ಯುವಜನರಿಗೆ, ಹುಡುಗಿಯರಿಗೆ ಬಾಗಿಲು ತೆರೆಯುವುದೇ ಅವರ ಉದ್ದೇಶ. ನ್ಯೂಬಿಯಾ ಗಾರ್ಸಿಯಾ, ಮೋಸಸ್ ಬಾಯ್ಡ್ ಅಲ್ಲಿಂದ ಬಂದವರು. ಅಲ್ಲಿ ಪರಿಚಯವಾದ ಗೆಳೆಯರೇ ಕಟ್ಟಿದ ಎಝ್ರಾ ಕಲೆಕ್ಟಿವ್ ತಂಡ 2023ರಲ್ಲಿ ಬ್ರಿಟನ್ನಿನ ಮರ್ಕ್ಯುರಿ ಸಂಗೀತ ಪ್ರಶಸ್ತಿ ಪಡೆದಾಗ, ಆ ಪ್ರಶಸ್ತಿ ಜಾಝ್ ತಂಡವೊಂದಕ್ಕೆ ಸಂದದ್ದು ಅದೇ ಮೊದಲು. ಎರಡೂ ಕಡೆ ಸಂಗೀತದ ಹೊಣೆ ಒಬ್ಬರದು, ಸಂಸ್ಥೆಯ ಹೊಣೆ ಇನ್ನೊಬ್ಬರದು, ಹೆಸರು ಇಬ್ಬರದೂ.

ಹಾಗಾಗಿ ಸ್ಯಾಕ್ಸೊಫೋನ್ ವಾದಕರನ್ನು ಸಂಗೀತದ ಮುಖವಾಗಿಟ್ಟುಕೊಂಡು, ಖಜಾಂಚಿಯವರು ಹೇಳಿದಂತೆ ವ್ಯವಸ್ಥೆಯನ್ನು ಬೇರೆಯವರು ಹೊರುವುದಾದರೆ ನನ್ನ ಆಕ್ಷೇಪವಿಲ್ಲ. ಆದರೆ ಸೆಷನ್‌ಗೆ ಮೊದಲಿನ ಒಂದು ಗಂಟೆ ಕಲಿಯುವವರಿಗೆ ಮೀಸಲಾಗಿರಲಿ, ಅದಕ್ಕೆ ಹೆಸರಿಟ್ಟು ಒಬ್ಬರನ್ನು ನೇಮಿಸಿರಿ. ಹಾಗೆಂದು ಅವರನ್ನು ಆ ಗಂಟೆಗೇ ಕಟ್ಟಿಹಾಕಬಾರದು. ಪ್ರತಿ ವಾರ ಅವರಲ್ಲಿ ಒಬ್ಬರನ್ನಾದರೂ ಮುಖ್ಯ ಸೆಷನ್‌ನಲ್ಲಿ ಅನುಭವಿಗಳ ಜೊತೆ ನಿಲ್ಲಿಸಬೇಕು.

ಮರುಪ್ರಶ್ನೆ: ಹಿಂದಿನ ಸಾಲಿನ ಕೇಳುಗ

ಮೂವರಿಗೂ ಕೃತಜ್ಞತೆಗಳು. ಕೆಲಸಗಳ ಪಟ್ಟಿ ಬರೆಯುವ ಸಲಹೆಯನ್ನು ನಿನ್ನೆಯೇ ಹಿರಿಯ ವಾದಕಿಯವರಿಗೆ ತಿಳಿಸಿದೆ. ಅವರು ನಕ್ಕು, ಒಂದು ಹಾಳೆ ಸಾಕಾಗದು, ನೋಟ್‌ಬುಕ್ ತನ್ನಿ ಎಂದರು. ಸ್ಯಾಕ್ಸೊಫೋನ್ ವಾದಕರೊಂದಿಗೂ ಮಾತನಾಡಿದೆ. ಅವರಿಗೆ ಮುಂದಾಳತ್ವದ ಆಸೆಯೇ ಇಲ್ಲವೆಂಬುದು ತಿಳಿಯಿತು. ತಮ್ಮ ಪರವಾಗಿ ಇಷ್ಟೊಂದು ಜನ ವಾದಿಸುತ್ತಿರುವುದು ಅವರಿಗೇ ಗೊತ್ತಿರಲಿಲ್ಲ. ಯಾರೂ ಅವರನ್ನು ಕೇಳಿಯೇ ಇರಲಿಲ್ಲ! ಆದರೆ ತಿಂಗಳಿಗೆ ಒಂದೆರಡು ಸಂಜೆ ಸೆಷನ್ ನಡೆಸಲು ಒಪ್ಪಿದ್ದಾರೆ, ಉಳಿದ ವಾರಗಳಿಗೆ ನಮ್ಮ ಬೇಸ್ ವಾದಕಿಯ ಹೆಸರು ಸೂಚಿಸಿದ್ದಾರೆ. ಅವರು ಹೆಚ್ಚು ಮಾತಿನವರಲ್ಲದ ಕಾರಣ ಈವರೆಗೆ ಯಾರ ಬಾಯಲ್ಲೂ ಅವರ ಹೆಸರು ಬಂದಿರಲಿಲ್ಲ.

ಇನ್ನೊಂದು ಸಂಗತಿಯನ್ನು ಕೇಳಬೇಕಿದೆ. ಹಿರಿಯರು ಸೆಷನ್‌ಗೆ ಬರುವುದನ್ನು ಬಿಡುವುದಿಲ್ಲ. ಅವರು ಎದುರಿಗಿದ್ದರೆ ಹೊಸಬರ ಮಾತಿಗೆ ಬೆಲೆ ಬರುವುದಿಲ್ಲ, ಕೆಲವು ತಿಂಗಳು ಬಾರದಿರುವಂತೆ ಕೇಳಿಕೊಳ್ಳೋಣ ಎಂದು ಒಬ್ಬರು ಸೂಚಿಸಿದ್ದಾರೆ. ಇದು ಸರಿಯೇ?

ಉತ್ತರ: ಬ್ರಷ್ ಮತ್ತು ಸಿಂಬಲ್

ಮೊದಲಿಗೆ, ಬೇಸ್ ವಾದಕಿಯ ಆಯ್ಕೆಗೆ ನನ್ನ ಪೂರ್ಣ ಸಮ್ಮತಿಯಿದೆ. ಸೆಷನ್‌ನಲ್ಲಿ ಪ್ರತಿಯೊಬ್ಬರ ಪ್ರತಿಯೊಂದು ಕೋರಸ್‌ಗೂ ಆಧಾರವಾಗಿ ನಿಂತವರಿಗೆ ಯಾರ ಶಕ್ತಿ ಎಷ್ಟೆಂಬುದು ಚೆನ್ನಾಗಿ ಗೊತ್ತಿರುತ್ತದೆ. ಮಾತು ಕಡಿಮೆಯಿರುವುದು ಅಡ್ಡಿಯಲ್ಲ. ಹೆಸರು ಕರೆಯುವ ಕೆಲಸವನ್ನು ಪಟ್ಟಿ ಹಿಡಿದು ನೀವೇ ಮಾಡಬಹುದು.

ಹಿರಿಯರನ್ನು ದೂರವಿಡುವ ಸಲಹೆ ನನಗೆ ಹಿಡಿಸಲಿಲ್ಲ. ವ್ಯಾನ್‌ಗಾರ್ಡ್‌ನಲ್ಲಿ ಥ್ಯಾಡ್ ಜೋನ್ಸ್ ಮತ್ತು ಮೆಲ್ ಲೂಯಿಸ್ 1966ರ ಫೆಬ್ರುವರಿಯಲ್ಲಿ ಸೋಮವಾರ ರಾತ್ರಿಯ ದೊಡ್ಡ ಬ್ಯಾಂಡನ್ನು ಆರಂಭಿಸಿದರು. 1970ರ ದಶಕದ ಕೊನೆಯಲ್ಲಿ ಜೋನ್ಸ್ ಕೋಪನ್‌ಹೇಗನ್‌ಗೆ ಹೊರಟುಹೋದರು, 1990ರಲ್ಲಿ ಲೂಯಿಸ್ ತೀರಿಕೊಂಡರು. ಬ್ಯಾಂಡು ವ್ಯಾನ್‌ಗಾರ್ಡ್ ಜಾಝ್ ಆರ್ಕೆಸ್ಟ್ರಾ ಎಂಬ ಹೆಸರಿನಲ್ಲಿ ವಾದಕರೇ ನಡೆಸುವ ತಂಡವಾಗಿ ಉಳಿಯಿತು, ವಾರದ ದಿನವೂ ಬದಲಾಗಲಿಲ್ಲ. ಜೋನ್ಸ್ ಬರೆದ ಸಂಗೀತವನ್ನು ಅವರು ಬದಿಗಿಡಲಿಲ್ಲ, ಇಂದಿಗೂ ನುಡಿಸುತ್ತಾರೆ. ದಿನ, ಜಾಗ, ಸಂಗೀತ ಮೂರೂ ಉಳಿದಲ್ಲಿ ಮುಂದಾಳು ಬದಲಾದದ್ದನ್ನು ಬಳಗ ತಾಳಿಕೊಳ್ಳುತ್ತದೆ.

ಅವರು ಬರಲಿ. ಆದರೆ ಬಂದವರು ಪಿಯಾನೊ ಮುಂದೆ ನೇರವಾಗಿ ಹೋಗಿ ಕೂರುವಂತಾಗಬಾರದು, ಯಾರಾದರೂ ಹಳೆಯ ಅಭ್ಯಾಸದಿಂದ ಅವರ ಬಳಿ ಬಂದು ನನ್ನ ಸರದಿ ಯಾವಾಗ ಎಂದು ಕೇಳಿದರೆ ಬೇಸ್ ವಾದಕಿಯ ಕಡೆಗೆ ಕೈತೋರಿಸುವಂತಾಗಬೇಕು. ಇದನ್ನು ಅವರಿಗೆ ಮೊದಲೇ ಹೇಳಿಬಿಡಿ. ತಮ್ಮ ಸಂಗೀತಕ್ಕೆ ಸಮಯ ಬೇಕೆಂದವರು ಇದಕ್ಕೆ ಬೇಡವೆನ್ನಲಾರರು. ಉಳಿದವರಂತೆ ಅವರ ಹೆಸರನ್ನೂ ಪಟ್ಟಿಯಲ್ಲಿ ಬರೆದುಕೊಂಡು, ಸರದಿ ಬಂದಾಗ ಕರೆಯಿರಿ.